ಹತ್ತಕ್ಕೆ ಹತ್ತು, ಒಬ್ಬಳು ಹೊರಗೆ

ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ ಸಮಸಮವಾಗಿ ಮುಗಿದು, ಇನ್ನು ಪೆನಾಲ್ಟಿ ಶೂಟೌಟ್ ಅಂತಾದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಅಲ್ಲಿ ಮಾಡುವಂಥದ್ದು ಏನೂ ಇರುವುದಿಲ್ಲ. ತೊಳೆದ ಲೋಟಗಳನ್ನೇ ಮತ್ತೊಮ್ಮೆ ತೊಳೆಯುತ್ತೇನೆ. ಸಾಸಿವೆ ಡಬ್ಬಿ ಇದ್ದ ಕಡೆ ಜೀರಿಗೆ ಡಬ್ಬಿ ಇಟ್ಟು, ಮರುದಿನ ಒಗ್ಗರಣೆ ಹೊತ್ತಿನಲ್ಲಿ ಯಾರು ಹೀಗೆ ಮಾಡಿದ್ದು ಅಂತ ನಾನೇ ಗೊಣಗುತ್ತೇನೆ. ನಮ್ಮ ಯಜಮಾನರು ಇಲ್ಲೇ ಹರಪನಹಳ್ಳಿಯ ಕಾಲೇಜೊಂದರಲ್ಲಿ ಗ್ರಂಥಪಾಲಕರು. ಮೆತ್ತಗೆ ಮಾತಾಡುವುದೇ ಅವರ ಉದ್ಯೋಗ. ಅಂಥವರೂ ಆಗ ಕೂಗುತ್ತಾರೆ.

"ಅಲ್ಲ ಮಾರಾಯ್ತಿ, ನರ್ಸ್ ಅದೀ. ರಕ್ತ ನೋಡ್ತಿ, ಹೆರಿಗಿ ಮಾಡಸ್ತಿ. ಯಾರೋ ಎಲ್ಲೋ ಚೆಂಡು ಒದಿಯೋದು ನೋಡಾಕ ಆಗಲ್ಲ ಅಂದ್ರ ಹೆಂಗ?"

ನಾನು ಹಾಲು ಉಕ್ಕುತ್ತದೆ ಅಂತಲೋ ಏನೋ ಒಂದು ಹೇಳಿ ಹಾರಿಸುತ್ತೇನೆ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ಯಾಕೆಂದರೆ ನೀವು ನಡುವೆ ಬಾಯಿ ಹಾಕುವುದಿಲ್ಲ.

ಶೂಟೌಟಿನಲ್ಲಿ ನ್ಯಾಯಕ್ಕಾಗಿ ಕೆಡಿಸಿಕೊಂಡಷ್ಟು ತಲೆಯನ್ನು ಆಟದ ಬೇರೆ ಯಾವ ಭಾಗದಲ್ಲೂ ಕೆಡಿಸಿಕೊಂಡಿಲ್ಲ ಅಂತ ನನ್ನ ಎಣಿಕೆ. ಯಾವ ಕಡೆಯ ಗೋಲು ಅನ್ನುವುದಕ್ಕೆ ನಾಣ್ಯ ಚಿಮ್ಮಬೇಕು. ಯಾರು ಮೊದಲು ಒದೆಯಬೇಕು ಅನ್ನುವುದಕ್ಕೆ ಮತ್ತೊಮ್ಮೆ ಚಿಮ್ಮಬೇಕು. ಚೆಂಡಿಗೆ ಕಾಲು ತಾಗುವ ತನಕ ಗೋಲ್‌ಕೀಪರ್ ಗೆರೆ ಬಿಡುವ ಹಾಗಿಲ್ಲ. ಮುಂದೆ ಜಿಗಿದು ತಡೆದರೆ ಮತ್ತೆ ಒದೆಸುತ್ತಾರೆ. ತಂಡದ ಎಲ್ಲರ ಸರದಿ ಮುಗಿಯದೆ ಯಾರೂ ಎರಡನೇ ಸಲ ಒದೆಯುವ ಹಾಗಿಲ್ಲ. ಮೊದಲು ಒದೆಯುವವರಿಗೇ ಅನುಕೂಲ, ಹಿಂದಿನವರು ಸದಾ ಬೆನ್ನಟ್ಟುತ್ತಲೇ ಇರಬೇಕಾಗುತ್ತದೆ ಅಂತ ಯಾರೋ ತಕರಾರು ತೆಗೆದದ್ದಕ್ಕೆ, ಕೆಲವು ಕಡೆ ಸರದಿಯನ್ನೇ ತಿರುವುಮುರುವು ಮಾಡಿ ನೋಡಿದರಂತೆ. ನೋಡುವವರಿಗೆ ತಲೆಬುಡ ತಿಳಿಯದೆ ಕೈಬಿಟ್ಟರಂತೆ.

ಇವುಗಳ ನಡುವೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ನಿಯಮ ಇತ್ತು. ಈಗಲೂ ಹಾಗೇ ಇದೆಯೋ ಬದಲಾಯಿಸಿದ್ದಾರೋ ಕಾಣೆ, ನಾವು ಆಡುವ ಕಾಲಕ್ಕಂತೂ ಇತ್ತು. ಒಂದು ತಂಡದಲ್ಲಿ ಯಾರಿಗೋ ಪೆಟ್ಟಾಗಿ ಹತ್ತೇ ಜನ ಉಳಿದಿದ್ದರೆ, ಹನ್ನೊಂದು ಜನ ಇರುವ ತಂಡ ಶೂಟೌಟಿಗೆ ಮುಂಚೆ ತನ್ನವರಲ್ಲೇ ಒಬ್ಬರನ್ನು ಹೊರಗೆ ಕಳಿಸಬೇಕು. ಇಲ್ಲವಾದರೆ, ಆ ಕಡೆ ಹತ್ತು ಜನದ ಸರದಿ ಮುಗಿದು ಅವರ ಒಳ್ಳೇ ಆಟಗಾರ್ತಿ ಮತ್ತೆ ಒದೆಯಲು ಬಂದಾಗ ಈ ಕಡೆ ಹನ್ನೊಂದನೆಯ ಅಳ್ಳೆದೆಯವಳು ನಿಲ್ಲಬೇಕಾಗುತ್ತದೆ. ಅದು ಅನ್ಯಾಯ. ಆದ್ದರಿಂದ ಹತ್ತಕ್ಕೆ ಹತ್ತು. ಎಷ್ಟು ಚೊಕ್ಕಟವಾದ ಲೆಕ್ಕ ನೋಡಿ. ಹೊರಗೆ ಹೋಗುವ ಆ ಒಬ್ಬರು ಯಾರು ಅನ್ನುವುದನ್ನು ಮಾತ್ರ ನಿಯಮ ಹೇಳುವುದಿಲ್ಲ. ಅದನ್ನು ತಂಡದವರೇ ಹೇಳಬೇಕು. ನಮ್ಮ ತಂಡದಲ್ಲಿ ಹೇಳಬೇಕಾದವಳು ಕ್ಯಾಪ್ಟನ್. ಕ್ಯಾಪ್ಟನ್ ನನ್ನ ಅಕ್ಕ ಸುಜಾತಾ.

ಹಗರಿಬೊಮ್ಮನಹಳ್ಳಿಯಲ್ಲಿ ನಾವು ಓದುವಾಗ ಹುಡುಗಿಯರ ಆಟ ಅಂದರೆ ಖೊ-ಖೊ, ಬಹಳ ಆದರೆ ಕಬಡ್ಡಿ. ನಮ್ಮ ಆಟದ ಮೇಷ್ಟ್ರು ವೀರಭದ್ರಪ್ಪ ಸರ್ ಬಳ್ಳಾರಿಯಲ್ಲಿ ಯಾವುದೋ ತರಬೇತಿಗೆ ಹೋದವರು, ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಫುಟ್‌ಬಾಲ್ ಇಟ್ಟುಕೊಂಡು ಬಂದರು. ಮೊದಲ ದಿನ ನಮ್ಮನ್ನೆಲ್ಲ ಸುತ್ತ ಕೂರಿಸಿ, ಈ ಚೆಂಡನ್ನು ಕೈಲೆ ಮುಟ್ಟಂಗಿಲ್ಲ ಅಂದರು.

"ಹಂಗಾದ್ರ ಕೈ ಎಲ್ಲಿ ಇಟ್ಕೋಬೇಕ್ರಿ ಸರ್?" ಅಂತ ಹುಲಿಗೆಮ್ಮ ಕೇಳಿದಳು. ಸರ್ ಸ್ವಲ್ಪ ಯೋಚನೆ ಮಾಡಿ, "ಹಿಂದ" ಅಂದರು. ಒಂದು ವಾರ ನಾವೆಲ್ಲ ಕೈ ಹಿಂದೆ ಕಟ್ಟಿಕೊಂಡು ಓಡಿದ್ದುಂಟು.

ಗೋಲು ಅಂದರೆ ಎರಡು ವಾಲಿಬಾಲ್ ಕಂಬ, ಮೇಲೆ ಅಡ್ಡ ಕಟ್ಟಿದ ಹಗ್ಗ. ಚೆಂಡು ಹಗ್ಗದ ಕೆಳಗೆ ಹೋಯಿತೋ ಮೇಲೆ ಹೋಯಿತೋ ಅಂತ ದಿನಾ ಜಗಳ. ಕೊನೆಗೆ ಸರ್, ಹಗ್ಗ ಅಲುಗಿದರೆ ಅರ್ಧ ಗೋಲು ಅಂತ ತೀರ್ಪು ಕೊಟ್ಟರು. ಮೈದಾನದ ಸುತ್ತ ಜಾಲಿ ಬೇಲಿ. ಚೆಂಡು ಅದರೊಳಗೆ ಹೋದರೆ ಆವತ್ತಿನ ಆಟ ಮುಗಿದ ಹಾಗೆ, ಸೈಕಲ್ ಅಂಗಡಿಗೆ ಒಯ್ದು ಒಳಗಿನ ಬ್ಲಾಡರಿಗೆ ತೇಪೆ ಹಾಕಿಸಬೇಕಿತ್ತು. ಹಾಕಿ ಹಾಕಿ ಆ ಚೆಂಡು ಒಂದು ಕಡೆ ಉಬ್ಬಿ, ಒದ್ದರೆ ಸೊಟ್ಟಗೆ ಓಡುತ್ತಿತ್ತು. ಅದರಲ್ಲಿ ಕಲಿತ ನಮಗೆ ಮುಂದೆ ನೆಟ್ಟಗಿನ ಚೆಂಡು ಸಿಕ್ಕಾಗ ಆಟವೇ ಬಾರದಂತಾಯಿತು.

ಅಕ್ಕ ಎಡಚಿ. ಉಣ್ಣುವಾಗ, ಬರೆಯುವಾಗ ಅವಳ ಎಡಗೈಗೆ ಹೊಡೆದು ಹೊಡೆದು ಅವ್ವ ಬಲಗೈ ರೂಢಿ ಮಾಡಿಸಿದ್ದಳು. ಕಾಲಿಗೂ ಬುದ್ಧಿ ಹೇಳಬೇಕೆಂದು ಅವ್ವನಿಗೆ ಹೊಳೆಯಲಿಲ್ಲ. ಹಾಗೆ ಉಳಿದುಕೊಂಡ ಆ ಎಡಗಾಲು ಊರಿಗೇ ಹೆಸರು ತಂತು. ಅಕ್ಕ ಒದ್ದ ಚೆಂಡು ಹೊರಟದ್ದು ಕಾಣುತ್ತಿರಲಿಲ್ಲ, ಮುಟ್ಟಿದ್ದು ಕಾಣುತ್ತಿತ್ತು.

ನನ್ನದು ಬೇರೆ. ನಾನು ಮೊದಲು ನೆಲ ಒದೆಯುತ್ತಿದ್ದೆ, ಆಮೇಲೆ ಚೆಂಡು. ಎಷ್ಟೋ ಸಲ ಚೆಂಡಿಗಿಂತ ಕೆಂಪು ಮಣ್ಣೇ ದೂರ ಹೋಗುತ್ತಿತ್ತು. ಒಂದು ಸಲ ಅಪ್ಪಿತಪ್ಪಿ ಸರಿಯಾಗಿ ತಾಗಿ ಚೆಂಡು ಬಿಸಿಯೂಟದ ಕೋಣೆಗೆ ಹೋಗಿ ಬಿತ್ತು. ಅಡುಗೆಯಾಕೆ ಅದನ್ನು ಬೇಳೆ ಚೀಲದ ಹಿಂದೆ ಬಚ್ಚಿಟ್ಟು ಎರಡು ದಿನ ಕೊಡಲಿಲ್ಲ. ಆದರೆ ಅಕ್ಕ ನನ್ನನ್ನು ಬಿಡಲಿಲ್ಲ. ಮನೆ ಹಿಂದಿನ ಗೋಡೆಗೆ ಇದ್ದಲಿನಿಂದ ಗೋಲು ಬರೆದು, ಮೂಲೆಯಲ್ಲೊಂದು ಸೊನ್ನೆ ಸುತ್ತಿ, ದಿನಾ ಸಂಜೆ ಒದೆಸುತ್ತಿದ್ದಳು.

"ಜೋರು ಬ್ಯಾಡ ಗೌತಿ. ಜೋರು ನಾ ಒದೀತೀನಿ. ನೀ ಸೊನ್ನಿ ನೋಡು, ಸೊನ್ನಿಗೆ ಕಳಸು, ಅಷ್ಟ."

ಅವಳ ಕಾಟಕ್ಕೆ ಬರಬರುತ್ತಾ ನನ್ನ ಚೆಂಡು ಹೇಳಿದ ಮಾತು ಕೇಳತೊಡಗಿತು. ಮೆಲ್ಲಗೆ ಹೋಗುತ್ತಿತ್ತು, ಆದರೆ ಸೊನ್ನೆಗೇ ಹೋಗುತ್ತಿತ್ತು. ಇದು ನಮ್ಮಿಬ್ಬರಿಗೆ ಬಿಟ್ಟರೆ ಗೋಡೆಗೆ ಮಾತ್ರ ಗೊತ್ತಿತ್ತು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಲೈನ್‌ಮನ್. ನಮ್ಮ ಓಣಿಯಲ್ಲಿ ಸಂಬಳದ ಕೆಲಸ ಹಿಡಿದವರಲ್ಲಿ ಮೊದಲಿಗ. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ತೂಗುಹಾಕಿದ, ತಂತಿ ಕತ್ತರಿಸುವ ಅಪ್ಪನ ಕಟಿಂಗ್ ಪ್ಲೇಯರ್. ಎರಡಕ್ಕೂ ಒಂದೇ ಊದುಬತ್ತಿ. ಗಾಳಿಮಳೆಗೆ ತಂತಿ ಹರಿದು ಊರು ಕತ್ತಲಾದರೆ ಅಪ್ಪ ಒಂದೊಂದೇ ಓಣಿಗೆ ಕರೆಂಟು ಕೊಟ್ಟುಕೊಂಡು ಬರುತ್ತಿದ್ದ. ನಮ್ಮ ಓಣಿ ಕೊನೆಗೆ. ರಿಪೇರಿಗೆ ಲೈನ್ ತೆಗೆಯಬೇಕಾದರೆ ನಮ್ಮ ಓಣಿ ಮೊದಲು. ಲೈನ್‌ಮನ್ ಇರುವ ಓಣಿ, ಕರೆಂಟಿಗೆ ತೊಂದರೆ ಇಲ್ಲ ಅಂತ ನಂಬಿ ಬಾಡಿಗೆಗೆ ಬಂದ ಒಬ್ಬರು ಆರು ತಿಂಗಳಿಗೆ ಮನೆ ಖಾಲಿ ಮಾಡಿದರು.

"ಊರಿಗೆಲ್ಲ ಬೆಳಕು ಕೊಟ್ಟು ನಮ್ಮ ಮನ್ಯಾಗ ಚಿಮಣಿ ಹಚ್ಚಸ್ತಿ" ಅಂತ ಅವ್ವ ಬೈಯುವಳು.

"ನಮ್ಮ ಮನಿಗೆ ಮೊದ್ಲು ಕೊಟ್ರ, ನಾ ಕಂಬದ ಮ್ಯಾಲ ಇದ್ದಾಗ ಕೆಳಗ ನಿಂತ ಮಂದಿ ಏನಂತಾರ? ಅದು ನನಗ ಮ್ಯಾಲಿಂದ ಕೇಳಸ್ತತಿ" ಅನ್ನುವನು ಅಪ್ಪ.

ಭಾನುವಾರ, ಹಬ್ಬ, ಯಾವಾಗ ಬೇಕಾದರೂ ಕರೆ ಬರುವ ಕೆಲಸ. ಹೀಗಾಗಿ ನಮ್ಮ ಆಟವನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ. ಗೋಡೆಯ ಮೇಲಿನ ಇದ್ದಲ ಗೋಲು ನೋಡಿ, ಸುಣ್ಣ ಹಾಳಾಯಿತು ಅಂದದ್ದು ಬಿಟ್ಟರೆ ಫುಟ್‌ಬಾಲಿಗೂ ಅವನಿಗೂ ಸಂಬಂಧ ಇರಲಿಲ್ಲ.

ನಾನು ಪಿಯುಸಿ ಮೊದಲ ವರ್ಷಕ್ಕೆ, ಅಕ್ಕ ಎರಡನೇ ವರ್ಷಕ್ಕೆ ಬಂದಾಗ ಸುತ್ತಲಿನ ತಾಲ್ಲೂಕುಗಳ ಹುಡುಗಿಯರ ಪಂದ್ಯಾವಳಿ ಹರಪನಹಳ್ಳಿಯಲ್ಲಿ ನಡೆಯಿತು. ನಾವು ಕೊಟ್ಟೂರಿನವರನ್ನು ಸೋಲಿಸಿದೆವು, ಹಡಗಲಿಯವರು ಕೂಡ್ಲಿಗಿಯವರನ್ನು ಸೋಲಿಸಿದರು. ಫೈನಲ್ಲಿಗೆ ರಜೆ ಹಾಕಿ ಬರುತ್ತೇನೆ ಅಂತ ಅಪ್ಪ ಅಂದಾಗ ನಾವು ನಂಬಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಜವಾಗಿಯೂ ಬಂದ. ನಮ್ಮ ತಂಡದ ಶಿವಲೀಲಾಳ ಅಪ್ಪ ಕಿರಾಣಿ ಸಗಟು ವ್ಯಾಪಾರಿ. ನಾವೆಲ್ಲ ಹೋದದ್ದು ಅವರ ಟೆಂಪೋದಲ್ಲಿ, ಖಾಲಿ ಎಣ್ಣೆ ಡಬ್ಬಿಗಳ ನಡುವೆ. ಇಳಿಯುವ ಹೊತ್ತಿಗೆ ಎಲ್ಲರ ಕರವಸ್ತ್ರಗಳೂ ಶೇಂಗಾ ಎಣ್ಣೆ ವಾಸನೆ ಹೊಡೆಯುತ್ತಿದ್ದವು. ಅಪ್ಪ ಮಾತ್ರ, ಮಕ್ಕಳ ಗಾಡಿಯಲ್ಲಿ ನನಗೇನು ಕೆಲಸ ಅಂತ ಬಸ್ಸಿಗೆ ಬಂದ.

ಹಡಗಲಿ ಹುಡುಗಿಯರು ಜಡೆಗೆ ಮಲ್ಲಿಗೆ ಮುಡಿದೇ ಆಡಲು ಇಳಿದರು. ಅವರ ಊರಿನ ಹೂವು, ಅವರು ಮುಡಿಯದೆ ಇನ್ನಾರು ಮುಡಿಯಬೇಕು. ನನ್ನ ಕೆಲಸ ಹಿಂದೆ ನಿಂತು ತಡೆಯುವುದು. ಅಷ್ಟು ಘಮಘಮ ಅನ್ನುವವರನ್ನು ಅಡ್ಡಗಟ್ಟುವುದು ಸುಲಭವಲ್ಲ ನೋಡಿ. ಎದುರು ಬಂದಾಗ ಮದುವೆ ಮನೆಯಲ್ಲಿ ದಾರಿ ಬಿಡುವ ಹಾಗೆ ಬಿಡಬೇಕು ಅನ್ನಿಸುತ್ತದೆ. ಒಮ್ಮೆ ಬಿಟ್ಟೂಬಿಟ್ಟೆ, ಅವರದೊಂದು ಗೋಲಾಯಿತು. ಆಮೇಲೆ ಅಕ್ಕನ ಎಡಗಾಲಿನಿಂದ ನಮ್ಮದೊಂದಾಯಿತು. ಮೈದಾನದ ಒಂದು ಅಂಚಿಗೆ ಯಾರೋ ಮೆಕ್ಕೆಜೋಳ ಒಣಹಾಕಿದ್ದರು. ಚೆಂಡು ಅಲ್ಲಿಗೆ ಹೋದಾಗಲೆಲ್ಲ ಕಾಯಲು ಕೂತಿದ್ದ ಅಜ್ಜಿ ಎರಡೂ ತಂಡಗಳಿಗೆ ಸಮನಾಗಿ ಬೈಯುತ್ತಿದ್ದಳು.

ಬದಲಿ ಆಟಗಾರ್ತಿಯರೆಲ್ಲ ಇಳಿದು ಮುಗಿದ ಮೇಲೆ ಹಡಗಲಿಯ ಒಬ್ಬ ಹುಡುಗಿಯ ಕಾಲು ಉಳುಕಿತು. ಅವಳನ್ನು ಎತ್ತಿಕೊಂಡು ಹೋದರು. ಅವರು ಹತ್ತೇ ಜನ ಆಡಿ ಕೊನೆಯ ತನಕ ನಮ್ಮನ್ನು ತಡೆದರು. ಪಂದ್ಯ ಸಮವಾಯಿತು.

ದಾವಣಗೆರೆಯಿಂದ ಬಂದಿದ್ದ ರೆಫರಿ ನಮ್ಮ ಸರ್ ಹತ್ತಿರ ಬಂದು ಆ ನಿಯಮ ಹೇಳಿದರು. ನಾವು ಕೇಳಿಯೇ ಇರಲಿಲ್ಲ. ವೀರಭದ್ರಪ್ಪ ಸರ್ ಅಕ್ಕನ ಕಡೆ ತಿರುಗಿದರು.

"ಒಬ್ಬರನ್ನ ಬಿಡಬೇಕಂತವ್ವ. ಯಾರನ್ನ ಅಂತ ನೀನ ಹೇಳಿಬಿಡು" ಅಂದು, ಒಣಹಾಕಿದ ಮೆಕ್ಕೆಜೋಳವನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತರು.

ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದವರೆಲ್ಲ ಅಕ್ಕನ ಮುಖ ನೋಡತೊಡಗಿದರು. ಆ ಮಾತು ನನಗೂ ತಾಗಬಹುದು ಅಂತ ನನಗೆ ಅನ್ನಿಸಲೇ ಇಲ್ಲ. ಅಪ್ಪ ಬಂದಿದ್ದಾನೆ, ಅಂಚಿನ ಲೈಟು ಕಂಬದ ಪಕ್ಕ ನಿಂತಿದ್ದಾನೆ, ನನ್ನ ಸರದಿ ಬಂದರೆ ಬಲಮೂಲೆಗೆ ಕಳಿಸಬೇಕು, ಜೋರು ಬೇಡ. ಇಷ್ಟೇ ನನ್ನ ತಲೆಯಲ್ಲಿ. ಬಗ್ಗಿ ಬೂಟಿನ ಲೇಸ್ ಬಿಗಿ ಮಾಡಿಕೊಳ್ಳುತ್ತಿದ್ದೆ.

"ಗೌತಮಿ ಹೊರಗ ಹೋಗ್ಲಿ ಸರ್."

ಮನೆಯಲ್ಲಿ ನಾನು ಗೌತಿ. ಪೂರ್ತಿ ಹೆಸರು ಕೇಳಿ ಬೇರೆ ಯಾರೋ ಇರಬೇಕು ಅಂದುಕೊಂಡೆ. ತಲೆ ಎತ್ತುವ ಹೊತ್ತಿಗೆ ಅಕ್ಕ ಆಗಲೇ ಬೆನ್ನು ತಿರುಗಿಸಿ, ಉಳಿದವರಿಗೆ ಯಾರ ನಂತರ ಯಾರು ಅಂತ ಹೇಳುತ್ತಿದ್ದಳು. ಶಿವಲೀಲಾ ನನ್ನ ಕೈ ಹಿಡಿಯಲು ಬಂದಳು, ಹಿಡಿಯಲಿಲ್ಲ. ತನ್ನ ಒದೆತ ಎಷ್ಟು ಕೆಟ್ಟದ್ದು ಅನ್ನುವುದು ಅವಳಿಗೂ ಗೊತ್ತಿತ್ತು.

ಹೊರಗೆ ಬಂದು ಅಪ್ಪನ ಪಕ್ಕ ನಿಂತೆ.

"ಯಾಕವ್ವ ಬಂದಿ? ಪೆಟ್ಟಾತೇನು?"

"ಇಲ್ಲಪ್ಪ. ಅವರ ಕಡಿ ಹತ್ತು ಮಂದಿ ಅದಾರಂತ. ನಮ್ಮೋರೂ ಹತ್ತ ಮಂದಿ ಇರಬೇಕಂತ."

ಅಪ್ಪ ಲೆಕ್ಕ ಹಾಕುವವನ ಹಾಗೆ ಮೈದಾನ ನೋಡಿದ. "ಅವರಿಗೊಬ್ರು ಕಮ್ಮಿ ಆದ್ರ ನಮಗೂ ಒಬ್ರು ಕಮ್ಮಿ. ನ್ಯಾಯ ಐತಿ ಬಿಡು" ಅಂದ. ಆಮೇಲೆ, "ಯಾರು ತಗದ್ರು ನಿನ್ನ?" ಅಂತ ಕೇಳಿದ.

"ಅಕ್ಕ."

ಅಪ್ಪ ನನ್ನ ಕಡೆ ತಿರುಗಲಿಲ್ಲ. ಅಕ್ಕನನ್ನೇ ನೋಡುತ್ತಾ ನಿಂತ. ಅವನ ಮುಖದ ಮೇಲೆ ಬಂದದ್ದು ಏನು ಅಂತ ನನಗೆ ಕೂಡಲೇ ತಿಳಿಯಲಿಲ್ಲ. ಬೇಜಾರು ಇರಬೇಕು ಅಂದುಕೊಂಡೆ. ಅಲ್ಲ. ಅದು ಹೆಮ್ಮೆ.

ಶೂಟೌಟು ಹೇಗೆ ನಡೆಯಿತು ಅಂತ ವಿವರವಾಗಿ ಹೇಳಲು ನನಗಾಗದು, ನಾನು ಕಣ್ಣು ತೆರೆದಿದ್ದರೂ ನೋಡಲಿಲ್ಲ. ಮೊದಲ ಸುತ್ತಿನ ಐದು ಒದೆತಗಳಲ್ಲಿ ಕೊನೆಯದನ್ನು ಅಕ್ಕ ತನಗೆ ಇಟ್ಟುಕೊಂಡಿದ್ದಳು. ಅದು ಒಳಗೆ ಹೋದರೆ ಕಪ್ ನಮ್ಮದು. ಅವಳು ಚೆಂಡು ಇಟ್ಟು ಹಿಂದೆ ಸರಿದು ಓಡಿ ಬಂದದ್ದು ಮಾತ್ರ ನೋಡಿದೆ. ಎಡಗಾಲು ಎಂದಿನಂತೆಯೇ ಬೀಸಿತು. ಚೆಂಡು ಗೋಲಿನ ಕಬ್ಬಿಣದ ಕಂಬಕ್ಕೆ ಬಡಿದ ಸದ್ದು ಶಾಲೆಯ ಗಂಟೆಯ ಹಾಗೆ ಕೇಳಿತು. ಸಮವಾಗಿ, ಇನ್ನು ಕಡೆಗೊಂದೊಂದು ಒದೆತ ಅಂತಾಯಿತು. ಹಡಗಲಿಯವರು ಒಂದು ಹಾಕಿದರು, ನಮ್ಮ ಶಿವಲೀಲಾ ಒದ್ದದ್ದು ಕೀಪರ್ ಕೈಗೇ ಹೋಯಿತು. ಅಲ್ಲಿಗೆ ಮುಗಿಯಿತು. ಮಲ್ಲಿಗೆ ಜಡೆಗಳೆಲ್ಲ ಒಂದು ಕಡೆ ಗುಂಪಾಗಿ ಕುಣಿದವು. ಕಾಲು ಉಳುಕಿದ ಹುಡುಗಿ ಒಂಟಿಕಾಲಲ್ಲಿ ಕುಂಟುತ್ತಾ ಬಂದು ಅವರ ನಡುವೆ ಸೇರಿಕೊಂಡಳು.

ಅಕ್ಕ ತಂಡದ ಜೊತೆ ಟೆಂಪೋದಲ್ಲಿ ಹೋದಳು. ನಾನು ಅಪ್ಪನ ಜೊತೆ ಬಸ್ಸಿಗೆ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. ನಾನು ತಿನ್ನುತ್ತಾ, ಅಪ್ಪ ಈಗ ನನಗೇನಾದರೂ ಹೇಳುತ್ತಾನೆ ಅಂತ ಕಾದೆ. ಅವನು ಕಿಟಕಿಯಿಂದ ಹೊರಗೆ ಹೋಗುವ ಕಂಬಗಳನ್ನು ನೋಡುತ್ತಾ ಕೂತಿದ್ದ. ಊರು ಹತ್ತಿರ ಬಂದಾಗ ಒಂದೇ ಮಾತು ಅಂದ. "ನಿಮ್ಮಕ್ಕ ದೊಡ್ಡಾಕಿ ಆದ್ಲು."

ಆವತ್ತೇ ಶುರುವಾಯಿತು. ಅಕ್ಕ ಮನೆಗೆ ಬಂದಾಗ ಅಪ್ಪ ಎದ್ದು ನಿಂತು ಅವಳ ತಲೆ ಸವರಿದ.

"ಸೋತಿದ್ದು ಇರ್ಲಿ. ತೆಗಿಯೋ ಹೊತ್ನ್ಯಾಗ ನಮ್ಮ ಮನೀದನ ತಗದಿ. ಒಬ್ಬರು ಒಂದು ಮಾತು ಅನ್ನಂಗ ಇಲ್ಲ. ನನ್ನ ಮಗಳು ನೀನು."

ಅಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಅಪ್ಪನ ಮಗಳೇ ಅಲ್ಲವೇ ಅಂತ ಕೇಳಬೇಕೆನ್ನಿಸಿತು. ಕೇಳುವ ಕ್ರಮ ನಮ್ಮ ಮನೆಯಲ್ಲಿ ಇರಲಿಲ್ಲ.

ಅಪ್ಪ ಅದನ್ನು ಆಫೀಸಿನಲ್ಲಿ ಹೇಳಿದ. ಚಹದ ಅಂಗಡಿಯಲ್ಲಿ ಹೇಳಿದ. ಬಿಲ್ಲು ಕಟ್ಟಲು ಸಾಲಿನಲ್ಲಿ ನಿಂತವರಿಗೆ ಹೇಳಿದ. ಮನೆಗೆ ನೆಂಟರು ಬಂದರೆ ನೀರು ಕೊಟ್ಟ ಮೇಲೆ ಇದು. ಹೇಳಿ ಹೇಳಿ ಕಥೆಗೆ ಕೈಕಾಲು ಬಂದವು. ಮೊದಮೊದಲು ಅಕ್ಕ ನನ್ನ ಹೆಸರು ಹೇಳುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿದ್ದಳು. ಮುಂದೆ, ದೂರದಲ್ಲಿ ನಿಂತ ಅಪ್ಪನನ್ನು ಕಣ್ಣಲ್ಲೇ ಕೇಳಿದಳು, ಅಪ್ಪ ತಲೆ ಆಡಿಸಿದ. ಇನ್ನೂ ಕೆಲವು ವರ್ಷಕ್ಕೆ ರೆಫರಿಯೇ ಬಂದು ಅಪ್ಪನ ಕೈ ಕುಲುಕಿದರು. ಅಪ್ಪ ನಿವೃತ್ತನಾಗುವ ಹೊತ್ತಿಗೆ ಆ ಪಂದ್ಯ ನಾವೇ ಗೆದ್ದಿದ್ದೆವು. ನಾನು ಮಾತ್ರ ಎಲ್ಲ ಬಾರಿಯೂ ಹೊರಗೇ ಇದ್ದೆ.

ಅವನು ಹೇಳತೊಡಗಿದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಅಕ್ಕ ಎದ್ದು ಅಟ್ಟ ಹತ್ತುತ್ತಿದ್ದಳು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದೆವು. ಅಪ್ಪನಿಗೆ ಇದು ನಾಚಿಕೆಯಂತೆ ಕಂಡಿರಬೇಕು. ಹೊಗಳಿಕೆ ಕೇಳಲು ಕೂರದ ಮಕ್ಕಳು ಅಂತ ಅದನ್ನೂ ಹೇಳುತ್ತಿದ್ದ.

ಜಿಲ್ಲಾ ತಂಡದ ಶಿಬಿರಕ್ಕೆ ಅಕ್ಕನಿಗೆ ಕರೆ ಬಂತು. ಕಾಲು ನೋಯುತ್ತದೆ ಅಂದಳು. ವೀರಭದ್ರಪ್ಪ ಸರ್ ಮನೆಗೇ ಬಂದು ಕೇಳಿಕೊಂಡರು.

"ಯಾವ ಕಾಲವ್ವ?" ಅಂದರು.

ಅಕ್ಕ ನೆಲ ನೋಡುತ್ತಾ, "ಎರಡೂ" ಅಂದಳು.

ಶಿಕ್ಷಕರ ತರಬೇತಿಗೆ ಸೇರಿದಳು. ಆಮೇಲೆ ಮದುವೆ, ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಶಾಲೆ, ಅಲ್ಲೇ ಮನೆ. ನಾನು ನರ್ಸಿಂಗ್ ಓದಿ ಹರಪನಹಳ್ಳಿಗೆ ಬಂದೆ. ಆ ಮೈದಾನ ನಮ್ಮ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಇದೆ. ಸುಗ್ಗಿಯಲ್ಲಿ ಈಗಲೂ ಮೆಕ್ಕೆಜೋಳ ಹರವುತ್ತಾರೆ.

ನಾನೂ ಅಕ್ಕನೂ ಜಗಳ ಆಡಲಿಲ್ಲ, ಒಂದು ದಿನವೂ. ಆಡಿದ್ದರೆ ಮುಗಿದುಹೋಗುತ್ತಿತ್ತು ಅಂತ ಈಗ ಅನ್ನಿಸುತ್ತದೆ. ಹಬ್ಬಕ್ಕೆ ಸೇರುತ್ತಿದ್ದೆವು. ಮಕ್ಕಳ ಜ್ವರ, ವರ್ಗಾವಣೆ, ಬ್ಲೌಸಿನ ಅಳತೆ, ಎಲ್ಲ ಮಾತಾಡುತ್ತಿದ್ದೆವು. ಒಂದೇ ಕಂಬಳಿಯಲ್ಲಿ ಮಲಗಿ ಕಾಲಲ್ಲಿ ಕಾಲು ಒದ್ದುಕೊಂಡು ಬೆಳೆದವರು, ಬೆಂಚಿನ ಮೇಲೆ ಬಸ್ಸಿಗೆ ಕಾಯುವವರ ಹಾಗೆ ಅಕ್ಕಪಕ್ಕ ಕೂರುವುದನ್ನು ಕಲಿತೆವು. ನಾನು ನನಗೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಅಕ್ಕ ಪಕ್ಷಪಾತ ಮಾಡಬಾರದು ಅಂತ ನನ್ನನ್ನು ತೆಗೆದಳು. ಅಪ್ಪನ ಓಣಿಗೆ ಕರೆಂಟು ಕೊನೆಗೆ, ಅಕ್ಕನ ತಂಗಿಗೆ ಜಾಗ ಕೊನೆಗೆ. ನಮ್ಮ ಮನೆತನವೇ ಹೀಗೆ. ಈ ಮಾತನ್ನು ನಾನೂ ಒಂದಿಬ್ಬರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಹೇಳಿ ಮುಗಿಸಿ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿದ್ದೇನೆ.

ಹೋದ ವರ್ಷ ಅಪ್ಪ ತೀರಿಕೊಂಡ. ಕೊನೆಯ ಮಾತು ಕೇಳಿಕೊಳ್ಳುವಷ್ಟು ಪುರುಸೊತ್ತನ್ನೂ ಯಾರಿಗೂ ಕೊಡಲಿಲ್ಲ. ಬೆಳಿಗ್ಗೆ ಚಹ ಕುಡಿದು ಕೂತವನು ಹಾಗೇ ಗೋಡೆಗೆ ಒರಗಿದ. ಪ್ರಾರ್ಥನೆಗೆ ಅಂತ ಎಲ್ಲ ಸೇರಿದ ದಿನ, ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಎದ್ದು ನಿಂತು ನಾಲ್ಕು ಮಾತಾಡಿದರು. ನಾಲ್ಕರಲ್ಲಿ ಮೂರು ಅದೇ ಕಥೆ. ಕೈ ಕುಲುಕಿದ ರೆಫರಿ, ಗೆದ್ದ ಕಪ್, ಎಲ್ಲ ಇತ್ತು. "ಆ ಮನುಷ್ಯಾನ ನ್ಯಾಯ ಮಕ್ಕಳಿಗೂ ಬಂದೈತಿ ನೋಡ್ರಿ" ಅಂದರು. ನಾನು ಅಭ್ಯಾಸದಂತೆ ಏಳಹೊರಟೆ. ಆವತ್ತು ಏಳುವ ಹಾಗಿರಲಿಲ್ಲ, ಮುಂದಿನ ಸಾಲಿನಲ್ಲಿ ಕೂತಿದ್ದೆವು. ಪಕ್ಕದಲ್ಲಿ ಅಕ್ಕ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕ ಫೋನ್ ಮಾಡಿ, "ಒಂದಿನ ಬಂದು ಹೋಗು" ಅಂದಳು. ಯಾವ ಹಬ್ಬವೂ ಇರಲಿಲ್ಲ. ಹೋದೆ. ಊಟ ಆದ ಮೇಲೆ ಹೊಳೆ ಕಡೆ ಹೋಗೋಣ ನಡಿ ಅಂದಳು. ಮಾಗಳದ ಹತ್ತಿರ ತುಂಗಭದ್ರೆ ಅಗಲವಾಗಿ, ಅವಸರ ಇಲ್ಲದೆ ಹರಿಯುತ್ತಾಳೆ. ಮೆಟ್ಟಿಲ ಮೇಲೆ ಕೂತೆವು. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

"ಗೌತಿ, ಅವತ್ತು ನ್ಯಾಯ ಗೀಯ ಏನಿದ್ದಿಲ್ಲ" ಅಂದಳು ಅಕ್ಕ, ನೀರು ನೋಡುತ್ತಾ.

ಯಾವತ್ತು ಅಂತ ನಾನು ಕೇಳಲಿಲ್ಲ.

"ಶಿವಲೀಲಾನ ತೆಗೀಬೇಕಿತ್ತು. ಅಕಿ ಒದಿಯೋದು ನಿನಗ ಗೊತ್ತಿತ್ತು, ನನಗ ಗೊತ್ತಿತ್ತು. ಆದ್ರ ಅವರಪ್ಪನ ಗಾಡ್ಯಾಗ ಬಂದಿದ್ವಿ. ಹುಲಿಗೆಮ್ಮ ಅಂದ್ಕೊಂಡೆ. ಅಕಿ ಆಗ್ಲೆ ಅಳಾಕ ತಯಾರಾಗಿದ್ಲು. ಒಬ್ಬೊಬ್ರ ಮುಖ ನೋಡ್ಕೊಂತ ಬಂದೆ. ಎಲ್ಲರ ಮುಖದಾಗೂ ನನ್ನ ತೆಗೀಬ್ಯಾಡ ಅಂತ ಇತ್ತು. ನಿನ್ನ ಮುಖ ಒಂದು ನೋಡಲಿಲ್ಲ. ನೋಡದಂಗ ನಿನ್ನ ಹೆಸರು ಹೇಳಿಬಿಟ್ಟೆ."

"ಯಾಕ ನೋಡಲಿಲ್ಲ?"

"ನೋಡಿದ್ರ ಹೇಳಾಕ ಆಗ್ತಿದ್ದಿಲ್ಲ. ನೀ ಸೊನ್ನಿಗೆ ಹಾಕ್ತಿದ್ದಿ. ಅದು ನನಗ ಗೊತ್ತಿತ್ತಲ್ಲ."

ಹೊಳೆಯಲ್ಲಿ ಎಮ್ಮೆ ಪೂರ್ತಿ ಮುಳುಗಿ, ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು. ಇಷ್ಟು ವರ್ಷ ಅದಕ್ಕೆಂದೇ ಜಾಗ ಕಾಯ್ದಿರಿಸಿದ್ದೆ. ಬರಲಿಲ್ಲ. ಆ ಕಿರಿವಯಸ್ಸಿನ ಹುಡುಗಿ, ಸುತ್ತ ಹತ್ತು ಮುಖಗಳು, ಮೆಕ್ಕೆಜೋಳ ನೋಡುತ್ತಾ ನಿಂತ ಮೇಷ್ಟ್ರು. ಎಲ್ಲರಿಗೂ ನ್ಯಾಯ ಮಾಡಿ ಮುಗಿಸಿದ ನಿಯಮ ಆ ಒಂದು ಹೆಸರು ಹೇಳುವ ಭಾರವನ್ನು ಅವಳೊಬ್ಬಳ ತಲೆಯ ಮೇಲೆ ತಂದು ಇಳಿಸಿದ್ದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ಏನಿತ್ತು ನಿನ್ನ ಮುಖದಾಗ?" ಅಕ್ಕ ಕೇಳಿದಳು. ಬಹಳ ದಿನದಿಂದ ಕೇಳಬೇಕೆಂದಿದ್ದವಳ ಹಾಗೆ ಕೇಳಿದಳು.

"ಏನೂ ಕಾಣ್ತಿದ್ದಿಲ್ಲ ಬಿಡು. ಬಗ್ಗಿ ಲೇಸ್ ಕಟ್ಕೊಂತಿದ್ದೆ. ನೋಡಿದ್ರೂ ಜಡಿ ಒಂದು ಕಾಣ್ತಿತ್ತು."

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಕಿವಿಯ ಮೇಲೆ ಬಿಳಿ ಕೂದಲು ಬಂದದ್ದನ್ನು ನಾನು ಆವತ್ತೇ ನೋಡಿದ್ದು.

"ಶಿಬಿರಕ್ಕಾದ್ರೂ ಹೋಗಬೇಕಿತ್ತು ಅಕ್ಕ ನೀನು."

"ಹೆಂಗ ಹೋಗ್ಲಿ? ಹೋದಲ್ಲೆಲ್ಲ ಅಪ್ಪ ಬಂದು ಅದನ್ನ ಹೇಳ್ತಿದ್ದ. ಆತ ಅಷ್ಟು ಹಿಗ್ಗಿ ಹೇಳ್ತಿದ್ರ, ನಡುವ ಹೋಗಿ ಹಂಗಲ್ಲಪ್ಪ, ನಾ ಹೆದರಿ ಮಾಡಿದ್ದು ಅಂತ ಹೆಂಗ ಹೇಳಬೇಕು? ಎಷ್ಟೋ ಸಲ ಬಾಯಿ ತನಕ ಬಂತು. ಈ ಸಲ ಹಬ್ಬಕ್ಕ ಬಂದಾಗ ಹೇಳಿಬಿಡಬೇಕು ಅಂತ ಮಾಡಿದ್ದೆ."

ಆ ಹಬ್ಬ ಬರುವ ಮುಂಚೆಯೇ ಅಪ್ಪ ಹೋಗಿದ್ದ.

ಬಿಸಿಲು ಇಳಿದು ಮೆಟ್ಟಿಲು ತಣ್ಣಗಾಗತೊಡಗಿತು. ನಾನು ಬಸ್ಸಿಗೆ ಹೊರಡಬೇಕಿತ್ತು, ಇಬ್ಬರೂ ಏಳಲಿಲ್ಲ.

"ಹೇಳಿದ್ರ ಏನಂತಿದ್ದ ಅಪ್ಪ?" ಅಂದಳು ಅಕ್ಕ.

"ಏನಂತಿದ್ದ. ಮಗಳು ಸುಳ್ಳು ಇಟ್ಕೊಳ್ಳಲಿಲ್ಲ, ತಾನಾಗಿ ಬಂದು ಹೇಳಿದ್ಲು ಅಂತ ಅದನ್ನೂ ಊರ ತುಂಬ ಹೇಳ್ಕೊಂಡು ಬರ್ತಿದ್ದ."

ಅಕ್ಕ ನಕ್ಕಳು. ನನಗೂ ತಡೆಯಲಾಗಲಿಲ್ಲ. ನೀರಿಗೆ ಬಂದಿದ್ದ ಹೆಂಗಸರಿಬ್ಬರು ತಿರುಗಿ ನೋಡುವಷ್ಟು ನಕ್ಕೆವು. ನಗು ತಾನಾಗಿಯೇ ನಿಂತಿತು. ಅಕ್ಕ ಕೊನೆಗೂ ಹೇಳಿದ್ದಳು, ಅದನ್ನು ಊರ ತುಂಬ ಹೇಳಿಕೊಂಡು ತಿರುಗಲು ಅಪ್ಪ ಇರಲಿಲ್ಲ.